ಸಣ್ಣ ದೋಣಿಯಲ್ಲಿ ಒಂದು ದಿನ ಕ್ರಾಪಿ ಹಿಡಿಯುವುದು: ಹಿಂದಿನ ರಾತ್ರಿಯಿಂದ ಕಾವಲಿಯವರೆಗೆ

ನನ್ನ ದೋಣಿಯಲ್ಲಿ ಒಮ್ಮೆ ಕೂತು ಹೋಗಿ, ಆಮೇಲೆ ತಾವೇ ದೋಣಿ ಕೊಂಡ ಸ್ನೇಹಿತರೆಲ್ಲ ಒಂದೇ ದೂರು ಹೇಳುತ್ತಾರೆ. "ಬೆಳಗ್ಗೆಯಿಂದ ಸಂಜೆವರೆಗೆ ಕೂತೆವು ಮಾರಾಯ್ರೆ, ಒಂದೂ ಕಚ್ಚಲಿಲ್ಲ. ಪಕ್ಕದ ದೋಣಿಯವನು ಎಳೆಯುತ್ತಲೇ ಇದ್ದ." ಏನು ಎರೆ ಹಾಕಿದ್ರಿ ಎಂದು ಕೇಳಿದರೆ ಉದ್ದ ಪಟ್ಟಿ ಕೊಡುತ್ತಾರೆ. ಎಷ್ಟು ಆಳಕ್ಕೆ ಬಿಟ್ಟಿದ್ರಿ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ತೊಂದರೆ ಅಲ್ಲೇ ಇದೆ. ಕ್ರಾಪಿ ಅಮೆರಿಕದ ಕೆರೆ, ಜಲಾಶಯಗಳಲ್ಲಿ ಸಿಗುವ ಸಿಹಿನೀರಿನ ಮೀನು. ಅದಕ್ಕೆ ನೀವು ಯಾವ ಬಣ್ಣದ ಎರೆ ತಂದಿರಿ ಎನ್ನುವುದಕ್ಕಿಂತ, ಎರೆ ಅದರ ತಲೆಯ ಮೇಲೆ ಬಂತಾ ಕೆಳಗೆ ಹೋಯಿತಾ ಅನ್ನುವುದೇ ಮುಖ್ಯ.

ಇಲ್ಲಿ ಹೇಳುವುದೆಲ್ಲ ನಾರ್ತ್ ಕ್ಯಾರೊಲೈನಾದ ಜೋರ್ಡನ್ ಲೇಕ್ ಲೆಕ್ಕದಲ್ಲಿ. ಕೇರಿ, ಅಪೆಕ್ಸ್, ಮಾರಿಸ್‌ವಿಲ್ ಕಡೆ ಇರುವ ಕನ್ನಡದವರಿಗೆ ಹತ್ತಿರದ ದೊಡ್ಡ ನೀರು ಇದು. ಸುಮಾರು 13,900 ಎಕರೆಯ ಜಲಾಶಯ. ದೋಣಿ ಎಂದರೆ 14 ಅಡಿಯ ಅಲ್ಯೂಮಿನಿಯಂ ಜಾನ್ ಬೋಟ್ (ಚಪ್ಪಟೆ ತಳದ ದೋಣಿ), ಹಿಂದೆ ಸಣ್ಣ ಪೆಟ್ರೋಲ್ ಮೋಟರ್, ಮುಂದೆ ಸದ್ದಿಲ್ಲದೆ ನಿಧಾನವಾಗಿ ಸಾಗಲು ಬ್ಯಾಟರಿಯ ಟ್ರೋಲಿಂಗ್ ಮೋಟರ್, ಒಳಗೆ ಇಬ್ಬರು. ಟೆನೆಸಿಯಲ್ಲೋ ಟೆಕ್ಸಾಸಿನಲ್ಲೋ ಇದ್ದೀರಾದರೆ ತಿಂಗಳು ಹಿಂದೆ ಮುಂದೆ ಆಗುತ್ತದೆ, ಕೆಲಸದ ಕ್ರಮ ಬದಲಾಗುವುದಿಲ್ಲ.

## 1. ದಿನ ಆರಿಸುವುದು

ಕ್ಯಾಲೆಂಡರ್ ನೋಡಿ ಹೊರಡಬೇಡಿ, ನೀರಿನ ಉಷ್ಣ ನೋಡಿ. ನೀರು 50 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಮೇಲೆ ಕ್ರಾಪಿ ಆಳದಿಂದ ಹಳ್ಳಗಳ ಬಾಯಿಯ ಕಡೆಗೆ ಸರಿಯುತ್ತದೆ. 60ರಿಂದ 68 ಡಿಗ್ರಿ ಆದಾಗ ದಡದ ಹತ್ತಿರ ಗೂಡು ಮಾಡಿ ಮೊಟ್ಟೆ ಇಡುತ್ತದೆ. ನಮ್ಮ ಕಡೆ ಇದು ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ಏಪ್ರಿಲ್. ಹೊಸಬರಿಗೆ ಇದಕ್ಕಿಂತ ಸುಲಭದ ಕಾಲ ಬೇರೆ ಇಲ್ಲ. ಜುಲೈಯಲ್ಲಿ ಮೊದಲ ಸಲ ಹೋಗಿ, ಇಡೀ ದಿನ ಬಿಸಿಲಲ್ಲಿ ಒಣಗಿ, ದೋಣಿ ಮಾರಲು ಹೊರಟವರನ್ನು ನೋಡಿದ್ದೇನೆ.

ಗಾಳಿ ಗಂಟೆಗೆ 10 ಮೈಲಿಗಿಂತ ಕಡಿಮೆ ಇರುವ ದಿನ ಹುಡುಕಿ. ಜೋರ್ಡನ್ ಲೇಕಿನ ನ್ಯೂ ಹೋಪ್ ಕವಲು ಉತ್ತರ ದಕ್ಷಿಣವಾಗಿ ಉದ್ದಕ್ಕೆ ಚಾಚಿದೆ. ತೆಂಕಣ ಗಾಳಿ ಎದ್ದರೆ ಅಲೆ ಬೆಳೆಯಲು ಅದಕ್ಕೆ ಬೇಕಾದಷ್ಟು ಜಾಗ ಸಿಗುತ್ತದೆ. ಚಳಿಗಾಳಿ ಹಾದುಹೋದ ಮರುದಿನ ಆಕಾಶ ತೊಳೆದ ಹಾಗೆ ನೀಲಿಯಾಗಿರುತ್ತದಲ್ಲ, ಫೋಟೊಗೆ ಚೆನ್ನ, ಮೀನಿಗೆ ಅಲ್ಲ. ಎರಡು ಮೂರು ದಿನ ಹವೆ ಒಂದೇ ತರ ಇದ್ದು, ಮೋಡ ತೆಳ್ಳಗೆ ಮುಚ್ಚಿದ ದಿನ ಉತ್ತಮ.

ಲೈಸೆನ್ಸ್ ಮರೆಯಬೇಡಿ. 16 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಬೇಕು, "ನಾನು ಸುಮ್ನೆ ಕೋಲು ಹಿಡಿದುಕೊಂಡಿದ್ದೆ" ಎಂದರೆ ನಡೆಯುವುದಿಲ್ಲ. ಮೋಟರ್ ಇರುವ ದೋಣಿಗೆ ನೋಂದಣಿ ಬೇಕು, ಬ್ಯಾಟರಿ ಮೋಟರ್ ಆದರೂ ಸರಿ. 1988ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು 10 ಅಶ್ವಶಕ್ತಿ ಅಥವಾ ಹೆಚ್ಚಿನ ಮೋಟರ್ ಓಡಿಸಬೇಕಾದರೆ ಈ ರಾಜ್ಯದಲ್ಲಿ ದೋಣಿ ಸುರಕ್ಷತೆಯ ಕೋರ್ಸ್ ಮುಗಿಸಿರಬೇಕು. ಎಷ್ಟು ಮೀನು ಇಟ್ಟುಕೊಳ್ಳಬಹುದು, ಎಷ್ಟು ಇಂಚಿಗಿಂತ ಚಿಕ್ಕದನ್ನು ಬಿಡಬೇಕು ಎನ್ನುವುದು ಲೇಕಿನಿಂದ ಲೇಕಿಗೆ ಬೇರೆ. ರಾಜ್ಯದ ವನ್ಯಜೀವಿ ಇಲಾಖೆ ಆ ವರ್ಷ ಹೊರಡಿಸಿದ ನಿಯಮ ನೋಡಿ, ಫೋನಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ.

## 2. ಹಿಂದಿನ ರಾತ್ರಿ: ದೋಣಿ ಮೊದಲು, ಗಾಳ ಆಮೇಲೆ

ಎಲ್ಲರೂ ಗಾಳದ ಡಬ್ಬಿ ಜೋಡಿಸುತ್ತಾ ಕೂರುತ್ತಾರೆ. ದೋಣಿಯ ಕಡೆ ನೋಡುವಷ್ಟರಲ್ಲಿ ನಿದ್ದೆ ಬಂದಿರುತ್ತದೆ. ಕ್ರಮ ತಿರುಗಿಸಿ.

ದೋಣಿಯದ್ದು ಹೀಗೆ:

- ಡ್ರೇನ್ ಪ್ಲಗ್ ಎಲ್ಲಿದೆ ನೋಡಿ. ದೋಣಿಯ ಹಿಂಬದಿಯ ತೂತಿಗೆ ಹಾಕುವ ಸಣ್ಣ ಬಿರಡೆ ಅದು. ಒಂದು ಹೆಚ್ಚಿನದು ಕೊಂಡು ಮೋಟರಿನ ಹತ್ತಿರವೇ ಕಟ್ಟಿಡಿ.
- ಟ್ರೋಲಿಂಗ್ ಮೋಟರಿನ 12 ವೋಲ್ಟ್ ಡೀಪ್ ಸೈಕಲ್ ಬ್ಯಾಟರಿಯನ್ನು ರಾತ್ರಿಯಿಡೀ ಚಾರ್ಜಿಗೆ ಹಾಕಿ. ಕಾರಿನ ಬ್ಯಾಟರಿ ಇದಕ್ಕೆ ಆಗುವುದಿಲ್ಲ, ಬೇಗ ಹಾಳಾಗುತ್ತದೆ.
- ಒಬ್ಬೊಬ್ಬರಿಗೂ ಮೈಗೆ ಸರಿಯಾಗುವ ಲೈಫ್ ಜಾಕೆಟ್. 13 ವರ್ಷದೊಳಗಿನ ಮಕ್ಕಳು ದೋಣಿ ಸಾಗುತ್ತಿರುವಾಗ ಹಾಕಿಕೊಂಡಿರಲೇಬೇಕು ಎನ್ನುವುದು ಕಾನೂನು. ದೊಡ್ಡವರೂ ಹಾಕಿಕೊಳ್ಳಿ ಎನ್ನುವುದು ನನ್ನ ಹಟ.
- ಲಂಗರು, ಕನಿಷ್ಠ 75 ಅಡಿ ಹಗ್ಗ, ಒಂದು ಹುಟ್ಟು, ನೀರು ಎತ್ತಿ ಚೆಲ್ಲಲು ಡಬ್ಬ, ಸೀಟಿ, ಟಾರ್ಚು.
- ಟ್ರೇಲರಿನ ದೀಪ ಮತ್ತು ಟೈರಿನ ಗಾಳಿ.
- ಒಂದು ಕ್ಲಿಪ್ ಹಗ್ಗ: ಮೋಟರಿನ ಕಿಲ್ ಸ್ವಿಚ್ಚಿನಿಂದ ನಿಮ್ಮ ಜಾಕೆಟ್ಟಿಗೆ. ನೀವು ನೀರಿಗೆ ಬಿದ್ದರೆ ಮೋಟರ್ ತಾನೇ ನಿಲ್ಲುತ್ತದೆ. 2021ರ ಏಪ್ರಿಲ್ 1ರಿಂದ 26 ಅಡಿಗಿಂತ ಚಿಕ್ಕ ದೋಣಿ ವೇಗವಾಗಿ ಓಡುವಾಗ ಇದನ್ನು ಬಳಸುವುದು ಕಡ್ಡಾಯ.

ಮನೆಯಲ್ಲಿ ಒಬ್ಬರಿಗೆ ಹೇಳಿ: ದೋಣಿ ಇಳಿಸುವ ಯಾವ ರ‍್ಯಾಂಪ್‌ನಿಂದ ಇಳಿಯುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ, ಬರದಿದ್ದರೆ ಯಾವಾಗ ಫೋನ್ ಮಾಡಬೇಕು.

ಇನ್ನು ಗಾಳ. ಇಲ್ಲಿ ಎಲ್ಲರೂ ಮಾಡುವ ತಪ್ಪು ದಪ್ಪ ಸಾಮಾನು. ಬಾಸ್ ಎಂಬ ದೊಡ್ಡ ಮೀನು ಹಿಡಿಯುವ ಗಟ್ಟಿ ಕೋಲು, 12 ಪೌಂಡಿನ ದಾರ (ಪೌಂಡು ಎಂದರೆ ದಾರ ತಡೆಯುವ ಭಾರ) ಹಿಡಿದು ಬರುತ್ತಾರೆ. ಕ್ರಾಪಿಯ ಬಾಯಿ ಎಷ್ಟು ತೆಳು ಎಂದರೆ ಇಲ್ಲಿಯವರು ಅದನ್ನು ಕಾಗದದ ಬಾಯಿ ಎಂದೇ ಕರೆಯುತ್ತಾರೆ. ತೆಳು ತುದಿಯ, ಬಾಗುವ ಕೋಲು ಬೇಕು. 4ರಿಂದ 6 ಪೌಂಡಿನ ದಾರ ಸಾಕು. ಕೊಕ್ಕೆ 4ನೇ ಅಥವಾ 2ನೇ ನಂಬರಿನದು, ತೆಳು ತಂತಿಯದು. ತೆಳು ತಂತಿಗೆ ಇನ್ನೊಂದು ಲಾಭ ಇದೆ. ಮುಳುಗಿದ ಕೊಂಬೆಗೆ ಸಿಕ್ಕಿಕೊಂಡಾಗ ಮೆಲ್ಲಗೆ ಎಳೆದರೆ ಕೊಕ್ಕೆ ನೆಟ್ಟಗಾಗಿ ಬಿಡಿಸಿಕೊಂಡು ಬರುತ್ತದೆ. ಬೆರಳಲ್ಲಿ ಮತ್ತೆ ಬಗ್ಗಿಸಿ ಮುಂದುವರಿಯಬಹುದು. ಕೊಂಬೆ ಜಾಸ್ತಿ ಇರುವ ಕಡೆ ಇದೇ ಕಾರಣಕ್ಕೆ ದಾರ ಮಾತ್ರ 8 ಪೌಂಡಿಗೆ ಏರಿಸುತ್ತೇನೆ. ಜಿಗ್ (ಸೀಸದ ತಲೆಯ ಕೊಕ್ಕೆ ಇರುವ ಕೃತಕ ಎರೆ) ಬಳಸುವುದಾದರೆ 1/16 ಔನ್ಸ್ ಮತ್ತು 1/32 ಔನ್ಸಿನದು. ಗಾಳಿ ಇದ್ದರೆ ಭಾರದ್ದು, ಇಲ್ಲದಿದ್ದರೆ ಹಗುರದ್ದು.

ನಾಲ್ಕು ಕೋಲು ಸಾಕು. ಮೂರಕ್ಕೆ ಜಾರುವ ಬೆಂಡು ಕಟ್ಟಿ, ಒಂದಕ್ಕೆ ಬರೀ ಜಿಗ್. ರಾತ್ರಿಯೇ ಕಟ್ಟಿಡಿ. ಬೆಳಗಿನ ಚಳಿಗೆ ಬೆರಳು ಮರಗಟ್ಟಿದಾಗ ಆ ದಾರ ಕಣ್ಣಿಗೂ ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ.

ಜಾರುವ ಬೆಂಡು ಕಟ್ಟುವಾಗ ಕ್ರಮ ತಪ್ಪಿದರೆ ಪೂರ್ತಿ ಬಿಚ್ಚಬೇಕು. ರೀಲಿನ ಕಡೆಯಿಂದ ತುದಿಯ ಕಡೆಗೆ ಹೀಗೆ:

1. ತಡೆಗಂಟು. ಅಂಗಡಿಯಲ್ಲಿ ಸಿಗುವ ನೂಲಿನ ಗಂಟು ಅಥವಾ ರಬ್ಬರಿನದು.
2. ಸಣ್ಣ ಮಣಿ.
3. ಬೆಂಡು.
4. ಸೀಸದ ಗುಂಡು, ಕೊಕ್ಕೆಗಿಂತ 8ರಿಂದ 12 ಇಂಚು ಮೇಲೆ.
5. ಕೊಕ್ಕೆ.

ಮಣಿ ಮರೆತರೆ ಗಂಟು ಬೆಂಡಿನ ತೂತಿನೊಳಗೆ ನುಗ್ಗಿ ಹೋಗುತ್ತದೆ. ಆಗ ನೀವು 6 ಅಡಿ ಎಂದುಕೊಂಡದ್ದು ನೆಲದಲ್ಲಿ ಕೆಸರು ಕೆದಕುತ್ತಿರುತ್ತದೆ. ಸೀಸ ಎಷ್ಟು ಹಾಕಬೇಕು? ಬೆಂಡು ನೆಟ್ಟಗೆ ನಿಂತು, ಅರ್ಧಕ್ಕಿಂತ ಹೆಚ್ಚು ಮುಳುಗುವಷ್ಟು. ಮನೆಯಲ್ಲೇ ಒಂದು ಬಕೆಟ್ ನೀರಿನಲ್ಲಿ ಬಿಟ್ಟು ನೋಡಿ.

ಎರೆಗೆ ಜೀವಂತ ಮಿನ್ನೋ. ಎರಡು ಇಂಚಿನ ಒಳಗಿನ ಸಣ್ಣ ಮೀನು. ಇಬ್ಬರಿಗೆ ಮೂರು ನಾಲ್ಕು ಡಜನ್ ತನ್ನಿ. ನೀರು ಬಿಸಿಯಾದರೆ ಸಾಯುತ್ತವೆ, ನೆರಳಲ್ಲಿ ಇಡಿ.

## 3. ರ‍್ಯಾಂಪ್‌ನಲ್ಲಿ

ದೋಣಿ ಇಳಿಸುವ ಇಳಿಜಾರಿನಲ್ಲಿ ನಿಂತು ಸಾಮಾನು ತುಂಬಿಸುವವನನ್ನು ಹಿಂದಿನ ಸಾಲಿನವರು ಏನೆಂದು ಬೈಯುತ್ತಾರೆ ಎಂದು ನಾನು ಬರೆಯುವುದಿಲ್ಲ. ತಯಾರಿ ಎಲ್ಲ ಪಾರ್ಕಿಂಗ್ ಜಾಗದಲ್ಲೇ ಮುಗಿಯಬೇಕು. ಕ್ರಮ ಇದು:

1. ಪ್ಲಗ್ ಹಾಕಿ. ಕೈಯಿಂದ ಮುಟ್ಟಿ ನೋಡಿ.
2. ಹಿಂದಿನ ಕಟ್ಟುಪಟ್ಟಿ ಬಿಚ್ಚಿ. ಮುಂದಿನ ವಿಂಚ್ ಪಟ್ಟಿ (ದೋಣಿಯನ್ನು ಟ್ರೇಲರಿಗೆ ಎಳೆದು ಹಿಡಿಯುವ ಪಟ್ಟಿ) ಮತ್ತು ಸರಪಳಿ ಹಾಗೇ ಇರಲಿ. ಅದನ್ನೂ ಮೇಲೆಯೇ ಬಿಚ್ಚಿದರೆ ದೋಣಿ ಕಾಂಕ್ರೀಟಿನ ಮೇಲೆ ಜಾರಿ ಬೀಳುತ್ತದೆ.
3. ಮೂತಿಗೆ ಉದ್ದ ಹಗ್ಗ ಕಟ್ಟಿ, ಜೊತೆಗಾರರ ಕೈಯಲ್ಲಿ ಕೊಡಿ.
4. ಸಾಮಾನು ತುಂಬಿ. ಭಾರ ನಡುವೆ ಮತ್ತು ಕೆಳಗೆ ಇರಲಿ. ದೋಣಿಗೆ ಅಂಟಿಸಿರುವ ತಗಡಿನಲ್ಲಿ ಎಷ್ಟು ಜನ, ಎಷ್ಟು ಪೌಂಡು ಎಂದು ಬರೆದಿರುತ್ತದೆ. ಬ್ಯಾಟರಿ, ಐಸ್ ಡಬ್ಬ, ಪೆಟ್ರೋಲ್ ಎಲ್ಲ ಆ ಲೆಕ್ಕಕ್ಕೇ ಸೇರುತ್ತದೆ.
5. ಕಿಟಕಿ ಇಳಿಸಿ, ಸೀಟ್ ಬೆಲ್ಟ್ ಬಿಚ್ಚಿ, ನಿಧಾನವಾಗಿ ಹಿಂದಕ್ಕೆ. ಕಾರು ಜಾರಿದರೆ ಹೊರಬರಲು ದಾರಿ ಇರಬೇಕು.
6. ಹಿಂಭಾಗ ತೇಲುವಷ್ಟು ಇಳಿದ ಮೇಲೆ ಪಾರ್ಕಿಂಗ್ ಬ್ರೇಕ್ ಎಳೆದು, ಆಮೇಲೆ ಪಟ್ಟಿ ಬಿಚ್ಚಿ ತಳ್ಳಿ.

ಕಾರು ನಿಲ್ಲಿಸಿ ಬರುವ ಮೊದಲು ದೋಣಿಯೊಳಗೆ ಒಮ್ಮೆ ಇಣುಕಿ. ಹಲಗೆಯ ಮೇಲೆ ನೀರು ಏರುತ್ತಿದ್ದರೆ ಪ್ಲಗ್ ಇಲ್ಲ ಎಂದೇ ಅರ್ಥ. ನಾನು ಒಮ್ಮೆ ಪ್ಲಗ್ ಇಲ್ಲದೆ ನೂರು ಗಜ ಹೋಗಿದ್ದೇನೆ. "ಕಾಲು ತಣ್ಣಗಾಗುತ್ತಿದೆ" ಎಂದು ಹೆಂಡತಿ ಹೇಳಿದಾಗ ಚಳಿ ಇರಬಹುದು ಎಂದೆ. ಆ ಮಾತನ್ನು ಅವಳು ಇವತ್ತಿಗೂ ಬಿಟ್ಟಿಲ್ಲ.

## 4. ಜಾಗ ಹುಡುಕುವುದು

ಕ್ರಾಪಿ ಬಯಲಿನಲ್ಲಿ ಒಂಟಿಯಾಗಿ ತಿರುಗುವುದು ಕಡಿಮೆ. ಗುಂಪಾಗಿ, ಏನಾದರೊಂದರ ನೆರಳಿಗೆ ಅಂಟಿಕೊಂಡಿರುತ್ತದೆ. ಮುಳುಗಿದ ಮರ, ಕೊಂಬೆರಾಶಿ, ಸೇತುವೆಯ ಕಂಬ, ಹಳೆಯ ಹಳ್ಳದ ಅಂಚು. ಜೋರ್ಡನ್ ಲೇಕಿನಲ್ಲಿ ಹೊಸಬರು ಫಾರಿಂಗ್ಟನ್ ಕಡೆಯ ಸೇತುವೆ, ಹೆದ್ದಾರಿ 64ರ ಸೇತುವೆ, ಮತ್ತು ಎಬೆನೆಜರ್, ಸೀಫೋರ್ತ್ ರ‍್ಯಾಂಪ್‌ಗಳ ಸುತ್ತಲಿನ ಕೊಲ್ಲಿಗಳಿಂದ ಶುರು ಮಾಡಬಹುದು. ಸೇತುವೆ ಎಲ್ಲರಿಗೂ ಗೊತ್ತಿರುವ ಜಾಗ, ಜನ ಇರುತ್ತಾರೆ. ಆದರೂ ಕಲಿಯಲು ಒಳ್ಳೆಯದು, ಕಂಬದ ಬುಡದಲ್ಲಿ ಎಲ್ಲ ಆಳವೂ ಒಂದೇ ಕಡೆ ಸಿಗುತ್ತದೆ.

ಫಿಶ್ ಫೈಂಡರ್ (ಶಬ್ದದ ಅಲೆ ಬಿಟ್ಟು ಆಳ, ಮೀನು ತೋರಿಸುವ ಯಂತ್ರ) ಇದ್ದರೆ ಅದರ ಮಾತನ್ನು ಅರ್ಧ ಮಾತ್ರ ನಂಬಿ. 20 ಡಿಗ್ರಿಯ ಶಂಕುವಿನ ಆಕಾರದಲ್ಲಿ ಅಲೆ ನೀರಿಗೆ ಬಿಡುವ ಯಂತ್ರ 15 ಅಡಿ ಆಳದಲ್ಲಿ ಸುಮಾರು 5 ಅಡಿ ಅಗಲದ ವೃತ್ತವನ್ನು ನೋಡುತ್ತದೆ. ಪರದೆಯಲ್ಲಿ ನೇರ ಕೆಳಗೆ ಕಂಡ ಮೀನು ಆ ವೃತ್ತದ ಯಾವ ಮೂಲೆಯಲ್ಲೂ ಇರಬಹುದು. ಅದು ಸರಿಯಾಗಿ ಹೇಳುವುದು ಆಳವನ್ನು, ನಮಗೆ ಬೇಕಾದದ್ದೂ ಅದೇ. ಕೊಂಬೆರಾಶಿ ಪರದೆಯಲ್ಲಿ ನೆಲದಿಂದ ಎದ್ದ ಪೊದೆಯ ಹಾಗೆ ಕಾಣುತ್ತದೆ. ಅದರ ನೆತ್ತಿಯ ಮೇಲೆ ಕಮಾನು ಅಥವಾ ಚುಕ್ಕೆಗಳು ಇದ್ದರೆ ಅಲ್ಲಿ ನಿಲ್ಲಿ. ಎಷ್ಟು ಅಡಿ ಎಂದು ಜೋರಾಗಿ ಹೇಳಿ, ಜೊತೆಗಾರರಿಗೂ ಕೇಳಲಿ.

ಯಂತ್ರ ಇಲ್ಲದಿದ್ದರೂ ಅಡ್ಡಿಯಿಲ್ಲ. ದಾರಕ್ಕೆ ಭಾರದ ಸೀಸ ಕಟ್ಟಿ ನೆಲ ಮುಟ್ಟಿಸಿ ಅಳೆಯಿರಿ. ದಡದಲ್ಲಿ ಬಿದ್ದ ಮರದ ಬುಡ ಕಂಡರೆ, ಅದರ ತುದಿ ನೀರಿನೊಳಗೆ ಎಲ್ಲಿಯವರೆಗೆ ಹೋಗಿರಬಹುದು ಎಂದು ಊಹಿಸಿ. ಮೀನು ಹೆಚ್ಚಾಗಿ ಆ ತುದಿಯಲ್ಲಿರುತ್ತದೆ.

## 5. ದೋಣಿ ನಿಲ್ಲಿಸುವುದು

ನೇರವಾಗಿ ಕೊಂಬೆಯ ಮೇಲೆ ದೋಣಿ ಓಡಿಸಿ ಲಂಗರು ಎಸೆಯುವವರೇ ಜಾಸ್ತಿ. ಅಲ್ಯೂಮಿನಿಯಂ ದೋಣಿ ಒಂದು ದೊಡ್ಡ ತಮಟೆ. ಡಬ್ಬ ಬಿದ್ದರೂ ಕೆಳಗೆ ಕೇಳುತ್ತದೆ. ಪೆಟ್ರೋಲ್ ಮೋಟರನ್ನು ದೂರದಲ್ಲೇ ಆರಿಸಿ. ಗಾಳಿ ಬರುವ ಕಡೆಗೆ ಸುತ್ತಿ ಹೋಗಿ. ಲಂಗರನ್ನು ಕೈಯಿಂದ ಇಳಿಸಿ, ಹಗ್ಗ ಬಿಡುತ್ತಾ ಗಾಳಿಗೆ ಹಿಂದಕ್ಕೆ ತೇಲಿ. ಕೊಂಬೆಗೂ ನಿಮಗೂ ಒಂದು ಕೋಲಿನಷ್ಟು ದೂರ ಇರುವಾಗ ಹಗ್ಗ ಕಟ್ಟಿ.

ಹಗ್ಗ ಆಳದ ಐದು ಪಟ್ಟು ಇರಲಿ. 15 ಅಡಿ ನೀರಿಗೆ 75 ಅಡಿ.

ಈಗ ಒಂದು ವಿಷಯ, ಇದರಲ್ಲಿ ಚೌಕಾಶಿ ಇಲ್ಲ. ಲಂಗರನ್ನು ಹಿಂಬದಿಗೆ ಮಾತ್ರ ಕಟ್ಟಬೇಡಿ. ಮೂತಿಗೇ ಕಟ್ಟಬೇಕು. ಹಿಂಬದಿ ತಗ್ಗು, ಮೋಟರಿನ ಭಾರವೂ ಅಲ್ಲೇ. ಒಂದು ದೊಡ್ಡ ದೋಣಿ ಪಕ್ಕದಲ್ಲಿ ಹಾದು ಅಲೆ ಎಬ್ಬಿಸಿದರೆ ಹಗ್ಗ ಹಿಂಬದಿಯನ್ನು ಕೆಳಕ್ಕೆ ಹಿಡಿದಿರುತ್ತದೆ, ನೀರು ನೇರ ಒಳಗೆ ನುಗ್ಗುತ್ತದೆ. ಸಣ್ಣ ದೋಣಿ ಮುಳುಗಲು ಅಂತಹ ಎರಡು ಅಲೆ ಸಾಕು. ದಾರಿ ತೋರಿಸುವ ಬೋಯಾಗಳಿಗೂ ದೋಣಿ ಕಟ್ಟಬೇಡಿ, ಅದು ಅಪರಾಧ.

ನಿಲ್ಲುವ ಅಭ್ಯಾಸ ಬಿಡಿ. ಮೀನು ಸಿಕ್ಕಾಗ ಇಬ್ಬರೂ ಒಂದೇ ಬದಿಗೆ ವಾಲುತ್ತಾರೆ, ಅಲ್ವಾ? ಒಬ್ಬರು ಎಳೆದರೆ ಇನ್ನೊಬ್ಬರು ಕೂತಲ್ಲೇ ಕೂರಬೇಕು. ಗಂಡಸರಿಗೆ ಇನ್ನೊಂದು ಮಾತು: ಒಂದಕ್ಕೆ ಹೋಗಲು ಅಂಚಿನಲ್ಲಿ ನಿಂತು ನೀರಿಗೆ ಬಿದ್ದವರು ಇದ್ದಾರೆ. ಬಾಯಿ ಅಗಲದ ಒಂದು ಡಬ್ಬ ತನ್ನಿ, ನಾಚಿಕೆ ಬೇಡ.

## 6. ಆಳ ಕಂಡುಹಿಡಿಯುವುದು

ದಿನ ಗೆಲ್ಲುವುದೂ ಸೋಲುವುದೂ ಇಲ್ಲೇ. ನಿಧಾನವಾಗಿ ಓದಿ.

ಕ್ರಾಪಿಯ ಕಣ್ಣು ತಲೆಯ ಮೇಲ್ಭಾಗಕ್ಕೆ ಹತ್ತಿರ. ತನ್ನ ಮಟ್ಟದಲ್ಲಿ ಮತ್ತು ಮೇಲೆ ಇರುವುದನ್ನು ನೋಡಿ ಏರಿ ಬಂದು ತಿನ್ನುತ್ತದೆ. ಕೆಳಗಿರುವುದಕ್ಕೆ ತಲೆ ಬಗ್ಗಿಸುವುದು ಅಪರೂಪ. 8 ಅಡಿಯಲ್ಲಿ ಮೀನು ನಿಂತಿದ್ದು ನಿಮ್ಮ ಎರೆ 7 ಅಡಿಯಲ್ಲಿ ಇದ್ದರೆ ಕಚ್ಚುತ್ತದೆ. 10 ಅಡಿಗೆ ಹೋದರೆ ಅದಕ್ಕೆ ನಿಮ್ಮ ಎರೆ ಇಲ್ಲವೇ ಇಲ್ಲ. ನಮ್ಮೂರಿನ ಹೊಳೆಯಲ್ಲಿ ಎರೆಹುಳು ಕಟ್ಟಿ ನೆಲ ಮುಟ್ಟಿಸಿ ಕಾಯುವುದು ಕಲಿತವರಿಗೆ ಇದು ಕಷ್ಟ. ಕೈ ತಾನಾಗಿ ದಾರ ಬಿಡುತ್ತದೆ. ನನಗೂ ಈ ಚಟ ಬಿಡಿಸಿಕೊಳ್ಳಲು ಎರಡು ವಸಂತ ಬೇಕಾಯಿತು.

ಹೀಗೆ ಮಾಡಿ:

1. ಮೊದಲು ನೀರು ಎಷ್ಟು ಆಳ ನೋಡಿ. 12 ಅಡಿ ಎಂದುಕೊಳ್ಳೋಣ.
2. ಮೂರು ಬೆಂಡಿನ ಕೋಲನ್ನು ಮೂರು ಆಳಕ್ಕೆ ಹೊಂದಿಸಿ: 4 ಅಡಿ, 7 ಅಡಿ, 10 ಅಡಿ. ತಡೆಗಂಟಿನಿಂದ ಕೊಕ್ಕೆವರೆಗೆ ಅಳೆಯಿರಿ. ಕೋಲಿನ ಮೇಲೆ ಒಂದೊಂದು ಅಡಿಗೆ ಟೇಪು ಸುತ್ತಿಟ್ಟರೆ ಲೆಕ್ಕ ಸುಲಭ.
3. ಮಿನ್ನೋವನ್ನು ಬೆನ್ನಿನ ರೆಕ್ಕೆಯ ಹಿಂದೆ, ಚರ್ಮದ ಕೆಳಗೆ ಮಾತ್ರ ಚುಚ್ಚಿ. ಬೆನ್ನುಮೂಳೆಗೆ ತಾಗಿದರೆ ಸಾಯುತ್ತದೆ. ದೋಣಿ ನಿಧಾನವಾಗಿ ಚಲಿಸುತ್ತಾ ಹಿಡಿಯುವುದಾದರೆ ತುಟಿಗೆ ಚುಚ್ಚಿ.
4. ಮೂರನ್ನೂ ಕೊಂಬೆಯ ಅಂಚಿಗೆ ಬಿಡಿ, ನಡುವೆ ಅಲ್ಲ.
5. ಕೈಯಲ್ಲಿ ನಾಲ್ಕನೆಯ ಕೋಲು ಹಿಡಿದು ಜಿಗ್ ಇಳಿಸಿ. ಅಡಿಗೆ ಒಂದೊಂದು ಎಣಿಸುತ್ತಾ, ಪ್ರತಿ ಎರಡು ಅಡಿಗೆ ಅರ್ಧ ನಿಮಿಷ ನಿಲ್ಲಿಸಿ. ಕುಣಿಸಬೇಡಿ. ನಿಮ್ಮ ಕೈನಡುಕವೇ ಅದಕ್ಕೆ ಸಾಕು.
6. ಮೊದಲ ಮೀನು ಕಚ್ಚಿದ ಕೂಡಲೇ, ಅದನ್ನು ಹೊಗಳುವ ಮೊದಲು, ಆಳ ನೋಡಿ. ಉಳಿದ ಎಲ್ಲ ಕೋಲುಗಳನ್ನೂ ಅದೇ ಆಳಕ್ಕೆ ತನ್ನಿ.

ಆರನೆಯ ಹೆಜ್ಜೆಯನ್ನು ಹತ್ತರಲ್ಲಿ ಎಂಟು ಮಂದಿ ಮಾಡುವುದಿಲ್ಲ. ಒಂದು ಮೀನು ಸಿಕ್ಕಿದ ಖುಷಿಯಲ್ಲಿ ಫೋಟೊ ತೆಗೆದು, ಮತ್ತೆ ಅಂದಾಜಿನಲ್ಲಿ ದಾರ ಬಿಡುತ್ತಾರೆ. ಕ್ರಾಪಿ ಗುಂಪಿನ ಮೀನು, ಒಂದು ಸಿಕ್ಕ ಮಟ್ಟದಲ್ಲೇ ಉಳಿದವೂ ಇರುತ್ತವೆ. ಪಕ್ಕದ ದೋಣಿಯವನು ಎಳೆಯುತ್ತಲೇ ಇದ್ದನಲ್ಲ, ಅವನು ಮಾಡಿದ್ದು ಇಷ್ಟೇ.

ಬೆಳಕು ಏರಿದಂತೆ ಈ ಮಟ್ಟ ಬದಲಾಗುತ್ತದೆ. ಬೆಳಗ್ಗೆ 5 ಅಡಿಯಲ್ಲಿ ಸಿಕ್ಕಿದ್ದು ಹತ್ತು ಗಂಟೆಯ ಬಿಸಿಲಿಗೆ ಕೊಂಬೆಯೊಳಗೆ ಇಳಿದಿರುತ್ತದೆ. ಕಚ್ಚುವುದು ನಿಂತರೆ ಮೀನು ಹೋಯಿತು ಎಂದು ಲಂಗರು ಎತ್ತಬೇಡಿ. ಮೊದಲು ಒಂದು ಅಡಿ ಕೆಳಗೆ, ಆಮೇಲೆ ಇನ್ನೊಂದು ಅಡಿ. ಮೋಡ ಮುಚ್ಚಿದರೆ ಇದರ ಉಲ್ಟಾ.

ಮೊಟ್ಟೆ ಇಡುವ ವಾರಗಳಲ್ಲಿ ಮಾತ್ರ ಲೆಕ್ಕ ಸ್ವಲ್ಪ ಬೇರೆ. ಗಂಡುಮೀನು ಗೂಡು ಕಾಯುತ್ತಾ ಕೆಲವೇ ಅಡಿ ನೀರಿನಲ್ಲಿ ಇರುತ್ತದೆ, ಮೈ ಕಪ್ಪಾಗಿರುತ್ತದೆ. ಆಗ ಬೆಂಡನ್ನು 2ರಿಂದ 3 ಅಡಿಗೆ ಇಟ್ಟು ದಡದ ಕೊಂಬೆಗಳ ಪಕ್ಕ ಬಿಡಿ. ದೋಣಿಯ ನೆರಳು ಅದರ ಮೇಲೆ ಬೀಳಬಾರದು.

## 7. ಕಚ್ಚಿದಾಗ

ಬೆಂಡು ಮುಳುಗುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇದು: ನೆಟ್ಟಗೆ ನಿಂತ ಬೆಂಡು ಸುಮ್ಮನೆ ಅಡ್ಡ ಮಲಗಿದರೂ ಕಚ್ಚಿದೆ ಎಂದೇ ಅರ್ಥ. ಕ್ರಾಪಿ ಎರೆ ಬಾಯಿಗೆ ಹಾಕಿಕೊಂಡು ಮೇಲಕ್ಕೆ ಬಂದಿದೆ, ಸೀಸದ ಭಾರ ಬೆಂಡಿಗೆ ತಿಳಿಯುತ್ತಿಲ್ಲ. ಎರೆ ನೆಲ ಮುಟ್ಟಿದಾಗಲೂ ಬೆಂಡು ಹೀಗೇ ಮಲಗುತ್ತದೆ. ಆದರೆ ಅದು ಬಿಟ್ಟ ಕೂಡಲೇ ಆಗುತ್ತದೆ, ನಿಂತ ಮೇಲೆ ಅಲ್ಲ.

ಎಳೆದು ಕುಕ್ಕಬೇಡಿ. ಬಾಯಿ ಹರಿದು ಹೋಗುತ್ತದೆ. ಸಡಿಲ ದಾರ ಸುತ್ತಿಕೊಂಡು ಕೋಲನ್ನು ಮೆಲ್ಲಗೆ ಮೇಲಕ್ಕೆತ್ತಿ, ಬಾಗಿದ ಕೋಲು ಹಾಗೇ ಬಾಗಿರಲಿ. ದಾರ ಸಡಿಲವಾದರೆ ಕೊಕ್ಕೆ ಮಾಡಿದ ತೂತು ಅಗಲವಾಗಿ ಕಳಚಿಕೊಳ್ಳುತ್ತದೆ. ನೀರಿನಿಂದ ದೋಣಿಗೆ ಎತ್ತಿ ಎಸೆಯಬೇಡಿ, ಬಲೆ ಕೆಳಗೆ ಹಿಡಿಯಿರಿ. ನನ್ನ ಲೆಕ್ಕದಲ್ಲಿ ಕಳೆದುಕೊಂಡ ಮೀನುಗಳಲ್ಲಿ ಅರ್ಧ ಹೋಗುವುದು ದೋಣಿಯ ಅಂಚಿನಲ್ಲೇ.

ಅಳತೆಪಟ್ಟಿಯ ಮೇಲೆ ಇಡಿ. ಚಿಕ್ಕದಾದರೆ ಒದ್ದೆ ಕೈಯಲ್ಲಿ ಹಿಡಿದು ತಕ್ಷಣ ಬಿಡಿ. ಇಟ್ಟುಕೊಳ್ಳುವುದನ್ನು ನೇರ ಐಸಿಗೆ ಹಾಕಿ. ಇದರ ಮಾಂಸ ಮೃದು, ಬಿಸಿಲಿನ ಬಕೆಟ್ಟಿನಲ್ಲಿ ಎರಡು ಗಂಟೆ ಇದ್ದರೆ ಮೆತ್ತಗಾಗಿಬಿಡುತ್ತದೆ. ಐಸಿಗೆ ಸ್ವಲ್ಪ ನೀರು ಸೇರಿಸಿ ಗಂಜಿಯ ಹಾಗೆ ಮಾಡಿದರೆ ಎಲ್ಲ ಕಡೆ ತಣ್ಣಗೆ ತಾಗುತ್ತದೆ. ಅಳತೆಯ ನಿಯಮ ಇರುವ ನೀರಿನಲ್ಲಿ ದೋಣಿಯಲ್ಲೇ ತಲೆ, ಬಾಲ ಕತ್ತರಿಸಬೇಡಿ. ಅಧಿಕಾರಿ ಬಂದರೆ ಅಳೆಯಲು ಮೀನು ಪೂರ್ತಿ ಇರಬೇಕು.

ಕಪ್ಪು ಕ್ರಾಪಿಯೋ ಬಿಳಿಯದೋ ಎಂದು ಬಣ್ಣ ನೋಡಿ ವಾದ ಮಾಡಬೇಡಿ. ಬೆನ್ನಿನ ಮುಳ್ಳು ಎಣಿಸಿ. ಏಳೆಂಟು ಇದ್ದರೆ ಕಪ್ಪು, ಐದಾರು ಇದ್ದರೆ ಬಿಳಿ.

## 8. ಕಚ್ಚದಿದ್ದರೆ

ಒಂದು ಜಾಗಕ್ಕೆ 20 ನಿಮಿಷ. ಮೂರು ಆಳದಲ್ಲೂ ಏನೂ ಆಗದಿದ್ದರೆ ಹೊರಡಿ. ಬದಲಿಸುವ ಕ್ರಮ ಹೀಗಿರಲಿ: ಮೊದಲು ಆಳ, ಆಮೇಲೆ ಜಾಗ, ಆಮೇಲೆ ಎರೆಯ ಗಾತ್ರ, ಕೊನೆಗೆ ಬಣ್ಣ. ಬಹಳ ಜನ ಬಣ್ಣದಿಂದ ಶುರು ಮಾಡಿ ಅಲ್ಲೇ ಸಂಜೆ ಮಾಡುತ್ತಾರೆ. ಅಂಗಡಿಯವರಿಗೆ ಅದು ಒಳ್ಳೆಯದು.

ಕೊಂಬೆಗೆ ಪದೇ ಪದೇ ಸಿಕ್ಕಿಕೊಳ್ಳುತ್ತಿದ್ದರೆ ಎರೆ ತೀರಾ ಕೆಳಗಿದೆ, ಅಡಿಯಷ್ಟು ಎತ್ತಿ. ಮಿನ್ನೋ ಮೈ ಹರಿದು ಬರುತ್ತಿದೆ ಆದರೆ ಮೀನಿಲ್ಲ ಎಂದಾದರೆ, ಮಿನ್ನೋ ದೊಡ್ಡದಾಗಿದೆ ಅಥವಾ ಬೇರೆ ಸಣ್ಣ ಮೀನುಗಳು ಕೀಳುತ್ತಿವೆ. ಬೆಂಡು ಬರೀ ನಡುಗಿ ನಿಲ್ಲುತ್ತಿದ್ದರೆ ಸೀಸ ಸ್ವಲ್ಪ ಹೆಚ್ಚಿಸಿ ಬೆಂಡನ್ನು ಇನ್ನೂ ಮುಳುಗಿಸಿ. ಆಗ ಎಳೆಯುವಾಗ ಮೀನಿಗೆ ತೇಲುವ ಬಲ ತಿಳಿಯುವುದಿಲ್ಲ.

## 9. ದಡಕ್ಕೆ ತಿರುಗಬೇಕಾದ ಸೂಚನೆಗಳು

ಇವುಗಳಲ್ಲಿ ಒಂದು ಕಂಡರೂ "ಇನ್ನೊಂದು ಮೀನು" ಎನ್ನಬೇಡಿ.

ಅಲೆಯ ತಲೆ ಬೆಳ್ಳಗಾಗುತ್ತಿದ್ದರೆ 14 ಅಡಿಯ ದೋಣಿಗೆ ಅಲ್ಲಿ ಕೆಲಸವಿಲ್ಲ. ಗುಡುಗು ಕೇಳಿದರೆ ಕೂಡಲೇ ಕೋಲು ಮಲಗಿಸಿ ಹೊರಡಿ, ಕೊನೆಯ ಗುಡುಗಿನಿಂದ 30 ನಿಮಿಷ ನೀರಿಗೆ ಇಳಿಯಬೇಡಿ. ದೋಣಿಯಲ್ಲಿ ಕಾರಣ ತಿಳಿಯದ ನೀರು ಏರುತ್ತಿದ್ದರೆ ಹೊರಡಿ. ಟ್ರೋಲಿಂಗ್ ಮೋಟರಿನ ಸದ್ದು ಕುಗ್ಗಿದರೆ ಬ್ಯಾಟರಿ ಮುಗಿಯುತ್ತಿದೆ, ಗಾಳಿಗೆ ಎದುರಾಗಿ ಮರಳಲು ಅದನ್ನು ನಂಬಬೇಡಿ. ಜೊತೆಗಾರರು ನಡುಗುತ್ತಾ ಮಾತು ಕಡಿಮೆ ಮಾಡಿದರೆ ಅದೂ ಸೂಚನೆಯೇ.

ವಸಂತದಲ್ಲಿ ಗಾಳಿ ಬೆಚ್ಚಗಿರುತ್ತದೆ, ನೀರು ಬೆಚ್ಚಗಿರುವುದಿಲ್ಲ. ಏಪ್ರಿಲ್ ಮೊದಲ ವಾರದಲ್ಲಿ ಟೀ ಶರ್ಟ್ ಹಾಕಿಕೊಂಡು ಬಿದ್ದವನಿಗೂ ಉಸಿರು ಸಿಕ್ಕಿಕೊಳ್ಳುತ್ತದೆ. ಕೊರೆಯುವ ನೀರಿಗೆ ಬಿದ್ದವರಿಗೆ ಇಲ್ಲಿ ಕಲಿಸುವ ಲೆಕ್ಕ 1-10-1. ಮೊದಲ 1 ನಿಮಿಷ ಉಸಿರು ಹಿಡಿತಕ್ಕೆ ತರಲು. ಆಮೇಲೆ 10 ನಿಮಿಷ ಕೈಕಾಲು ಹೇಳಿದ ಹಾಗೆ ಕೇಳುತ್ತವೆ. 1 ಗಂಟೆಯ ಹೊತ್ತಿಗೆ ಪ್ರಜ್ಞೆ ತಪ್ಪುತ್ತದೆ. ಆ ಮೊದಲ ನಿಮಿಷದಲ್ಲಿ ನಿಮ್ಮನ್ನು ಮೇಲೆ ಹಿಡಿಯುವುದು ಮೈಮೇಲಿರುವ ಜಾಕೆಟ್. ಸೀಟಿನ ಕೆಳಗೆ ಇರುವ ಜಾಕೆಟ್ ಅಲ್ಲ. ದೋಣಿ ಮಗುಚಿದರೆ ಈಜಲು ಹೋಗಬೇಡಿ, ದೋಣಿಯನ್ನೇ ಹಿಡಿದುಕೊಂಡು ಸೀಟಿ ಊದಿ.

## 10. ಮೇಲಕ್ಕೆತ್ತುವುದು, ಹೆರೆಯುವುದು

ಇಳಿಸಿದ ಕ್ರಮವನ್ನೇ ತಿರುಗಿಸಿ. ವಿಂಚ್ ಪಟ್ಟಿ ಮತ್ತು ಸರಪಳಿ ಹಾಕಿದ ಮೇಲೆಯೇ ಕಾರು ಮೇಲಕ್ಕೆ. ಪಾರ್ಕಿಂಗ್ ಜಾಗಕ್ಕೆ ಬಂದು ಪ್ಲಗ್ ತೆಗೆದು ನೀರು ಪೂರ್ತಿ ಬಸಿಯಲು ಬಿಡಿ. ಮೋಟರಿಗೂ ಟ್ರೇಲರಿಗೂ ಸುತ್ತಿಕೊಂಡ ಪಾಚಿ, ಗಿಡ ಕಿತ್ತು ತೆಗೆಯಿರಿ. ಉಳಿದ ಮಿನ್ನೋಗಳನ್ನು ನೀರಿಗೆ ಬಿಡಬೇಡಿ, ಬೇರೆ ಕಡೆಯ ಮೀನು ಮತ್ತು ರೋಗ ಹರಡುವುದು ಹೀಗೆಯೇ.

ಇಲ್ಲಿಯವರು ಎರಡು ಬದಿಯ ಮಾಂಸ ಮಾತ್ರ ಚಾಕುವಿನಲ್ಲಿ ಬಿಡಿಸಿ, ಉಳಿದದ್ದನ್ನು ಎಸೆಯುತ್ತಾರೆ. ನನಗೆ ಮನಸ್ಸು ಬರುವುದಿಲ್ಲ. ಚಮಚದ ಹಿಡಿಯಿಂದ ಬಾಲದಿಂದ ತಲೆಯ ಕಡೆಗೆ ಹುರುಪೆ ಹೆರೆದು, ಹೊಟ್ಟೆ ಬಗೆದು, ಕಿವಿರು ತೆಗೆದು, ಎರಡೂ ಬದಿಗೆ ಮೂರು ಗೀರು ಹಾಕುತ್ತೇನೆ. ಬೆನ್ನಿನ ಮುಳ್ಳು ಚುಚ್ಚುತ್ತದೆ, ಕತ್ತರಿಯಲ್ಲಿ ಮೊದಲೇ ಕತ್ತರಿಸಿ. ಖಾರದಪುಡಿ, ಅರಿಶಿನ, ಉಪ್ಪು, ಹುಣಸೆರಸ, ಸ್ವಲ್ಪ ಬೆಳ್ಳುಳ್ಳಿ. ಮಸಾಲೆ ಅರ್ಧ ಗಂಟೆ ಹಿಡಿಯಲಿ, ಜಾಸ್ತಿ ಬೇಡ, ಬಂಗುಡೆಯ ಹಾಗೆ ಇದು ತಡೆಯುವುದಿಲ್ಲ. ರವೆಯಲ್ಲಿ ಹೊರಳಿಸಿ ಕಾದ ಕಾವಲಿಗೆ ಹಾಕಿ. ಒಂದು ಬದಿ ಪೂರ್ತಿ ಗಟ್ಟಿಯಾಗುವವರೆಗೆ ತಿರುಗಿಸಬೇಡಿ, ಪುಡಿಯಾಗುತ್ತದೆ. ವಾರವಾರ ತಿನ್ನುವವರು ರಾಜ್ಯದ ಆರೋಗ್ಯ ಇಲಾಖೆ ಆ ನೀರಿನ ಮೀನಿನ ಬಗ್ಗೆ ಏನು ಹೇಳಿದೆ ಎಂದು ನೋಡಿಕೊಳ್ಳಿ.

ಮಸಾಲೆ ಹಿಡಿಯುವ ಆ ಅರ್ಧ ಗಂಟೆಯಲ್ಲಿ ಒಂದು ನೋಟ್‌ಪುಸ್ತಕ ತೆಗೆದು ಐದು ವಿಷಯ ಬರೆಯಿರಿ: ದಿನಾಂಕ, ನೀರಿನ ಉಷ್ಣ, ಬಿಸಿಲೋ ಮೋಡವೋ, ಜಾಗದಲ್ಲಿ ನೀರು ಎಷ್ಟು ಆಳ, ಮೀನು ಕಚ್ಚಿದ್ದು ಎಷ್ಟು ಅಡಿಗೆ. ಎರೆಯ ಬಣ್ಣಕ್ಕೆ ನನ್ನ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ.